ಎಲೆಯೊಳಗಿನ ದೂತರು: ಭತ್ತದ ಬೆಂಕಿ ರೋಗ ಮತ್ತು ಸಸ್ಯ ಚೋದಕಗಳು

ಮುಂಬಯಿಯಿಂದ ಪುಣೆಗೆ ಹೋಗುವ ರೈಲು ಲೋಣಾವಳಾ ನಿಲ್ದಾಣದಲ್ಲಿ ನಿಂತೊಡನೆ ಪ್ರಯಾಣಿಕರಿಗೆ ನೆನಪಾಗುವುದು ಅಲ್ಲಿಯ ಚಿಕ್ಕಿ. ಭತ್ತದ ರೋಗಗಳನ್ನು ಅಭ್ಯಸಿಸುವ ವಿಜ್ಞಾನಿಗಳಿಗಾದರೋ ಆ ಊರಿನ ಹೆಸರು ಬೇರೊಂದು ಕಾರಣಕ್ಕಾಗಿ ಪರಿಚಿತವಾಗಿದೆ. ಸಹ್ಯಾದ್ರಿಯ ಮಳೆ, ಮಂಜು ಹಾಗೂ ತಂಪು ರಾತ್ರಿಗಳ ದೆಸೆಯಿಂದ ಅಲ್ಲಿಯ ಭತ್ತದ ಎಲೆಗಳ ಮೇಲೆ ಬೆಂಕಿ ರೋಗವು ತಾನಾಗಿಯೇ ಉಲ್ಬಣಿಸುತ್ತದೆ. ಕೊಡಗಿನ ಪೊನ್ನಂಪೇಟೆಯೂ ಅಂಥದೇ ಇನ್ನೊಂದು ಸ್ಥಳ. ಹೊಸ ತಳಿಯೊಂದು ಈ ರೋಗವನ್ನು ತಡೆದುಕೊಳ್ಳಬಲ್ಲುದೇ ಎಂದು ತಿಳಿಯಬೇಕಾದಾಗ ಅದರ ಬೀಜವನ್ನು ಇಂತಹ ಕೇಂದ್ರಗಳಲ್ಲಿ ಬಿತ್ತಿ, ಸಾರಜನಕವನ್ನು ಬೇಕೆಂದೇ ಹೆಚ್ಚಾಗಿ ಕೊಟ್ಟು, ಸುತ್ತಲೂ ರೋಗಕ್ಕೆ ಬೇಗನೆ ತುತ್ತಾಗುವ ತಳಿಯ ಸಾಲುಗಳನ್ನು ಬೆಳೆಸಿ ಪರೀಕ್ಷೆಗೆ ಒಡ್ಡಲಾಗುತ್ತದೆ. ಕೆಲವು ವಾರಗಳಲ್ಲಿ ಒಂದು ಸಾಲು ಬೆಂಕಿ ತಗುಲಿದಂತೆ ಒಣಗಿದರೆ ಅದರ ಪಕ್ಕದ ಸಾಲು ಹಸುರಾಗಿಯೇ ನಿಂತಿರುತ್ತದೆ.

ಒಂದೇ ಮಣ್ಣು, ಒಂದೇ ಇಬ್ಬನಿ, ಒಂದೇ ಶಿಲೀಂಧ್ರ. ಹೀಗಿದ್ದೂ ಈ ಅಂತರವೇಕೆ? ಉತ್ತರದ ಬಹುಭಾಗ ಆ ತಳಿಗಳ ಆನುವಂಶಿಕ ಗುಣದಲ್ಲಿದೆ. ಆದರೆ ಆ ಗುಣವು ಎಲೆಯಲ್ಲಿ ಕಾರ್ಯರೂಪಕ್ಕೆ ಬರುವಾಗ ಸಸ್ಯದ ಹಾರ್ಮೋನುಗಳು ಪ್ರಮುಖ ಪಾತ್ರ ವಹಿಸುತ್ತವೆ. ಒಂದೇ ತಳಿಯು ಒಂದು ವರ್ಷ ರೋಗವನ್ನು ತಾಳಿಕೊಂಡು ಮರುವರ್ಷ ಸೋಲುವುದರ ಹಿಂದೆಯೂ ಈ ಹಾರ್ಮೋನುಗಳ ಕೈವಾಡವಿರುವುದುಂಟು. ಈ ವಿಷಯವು ಈಗ ಪ್ರಯೋಗಶಾಲೆಯ ಗೋಡೆಗಳನ್ನು ದಾಟಿ ಗೊಬ್ಬರದ ಅಂಗಡಿಯವರೆಗೂ ಬಂದಿದೆ. ಬೆಳವಣಿಗೆಯನ್ನು ಹೆಚ್ಚಿಸುವ ‘ಟಾನಿಕ್’ ಎಂಬ ಹೆಸರಿನಲ್ಲಿ ಅನೇಕ ಬಗೆಯ ಬಾಟಲಿಗಳು ಮಾರಾಟವಾಗುತ್ತಿವೆ. ಊರಿನಲ್ಲಿ ಗದ್ದೆಯನ್ನಿಟ್ಟುಕೊಂಡು ಪರಸ್ಥಳದಲ್ಲಿ ಉದ್ಯೋಗಕ್ಕಿರುವ ನಮ್ಮವರಿಗೆ ತಮ್ಮನೋ ಚಿಕ್ಕಪ್ಪನೋ ದೂರವಾಣಿಯಲ್ಲಿ ಕೇಳುವ ಪ್ರಶ್ನೆ ಇದು: ಹಾರ್ಮೋನು ಸಿಂಪಡಿಸಿದರೆ ಪೈರಿಗೆ ಶಕ್ತಿ ಬಂದು ರೋಗ ತಪ್ಪುವುದಿಲ್ಲವೇ? ಈ ಪ್ರಶ್ನೆಗೆ ‘ಹೌದು’ ಎಂದು ಹೇಳಲಾಗದು. ಒಂದು ರೋಗವನ್ನು ತಡೆಯುವ ಹಾರ್ಮೋನು ಮತ್ತೊಂದಕ್ಕೆ ಬಾಗಿಲು ತೆರೆಯಬಲ್ಲುದು. ಹೇಗೆಂಬುದನ್ನು ಭತ್ತದ ಎರಡು ಎಲೆರೋಗಗಳ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ.

ಎಲೆಯ ಮೇಲೆ ಒಂದು ರಾತ್ರಿ

ಬೆಂಕಿ ರೋಗವನ್ನು ಉಂಟುಮಾಡುವ ಶಿಲೀಂಧ್ರದ ಹೆಸರು ಮ್ಯಾಗ್ನಪೋರ್ತೆ ಒರೈಜೆ. ಪೈರಿಕ್ಯುಲೇರಿಯ ಎಂಬ ಹೆಸರೂ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ಈ ರೋಗವು 1913ರಲ್ಲಿ ಅಂದಿನ ಮದ್ರಾಸ್ ಪ್ರಾಂತದಲ್ಲಿ ದಾಖಲಾಯಿತು. ಆ ದಶಕದ ಕೊನೆಯ ವೇಳೆಗೆ ತಂಜಾವೂರಿನ ಕಾವೇರಿ ಬಯಲಿನಲ್ಲಿ ತೀವ್ರವಾದ ಹಾನಿಯನ್ನುಂಟುಮಾಡಿ ಎಲ್ಲರ ಗಮನ ಸೆಳೆಯಿತು. ಗಾಳಿಯಲ್ಲಿ ತೇಲಿಬಂದ ಬೀಜಾಣುವು ಇಬ್ಬನಿಯಿಂದ ಒದ್ದೆಯಾದ ಎಲೆಗೆ ಅಂಟಿಕೊಂಡು ಕೆಲವೇ ಗಂಟೆಗಳಲ್ಲಿ ಮೊಳೆಯುತ್ತದೆ. ಮೊಳಕೆಯ ತುದಿ ಉಬ್ಬಿ ಗುಮ್ಮಟದ ಆಕಾರದ ಒಂದು ಕೋಶವಾಗುತ್ತದೆ. ಆ ಗುಮ್ಮಟದ ಒಳಮೈಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಲೇಪ ಬೀಳುವುದರಿಂದ ಒಳಗೆ ಸೇರಿದ ನೀರು ಹೊರಗೆ ಹೋಗುವುದಕ್ಕೆ ಬಹುಪಾಲು ಎಡೆಯಿಲ್ಲದಂತಾಗಿ ಒತ್ತಡ ಹೆಚ್ಚುತ್ತಾ ಹೋಗುತ್ತದೆ. 1991ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಈ ಒತ್ತಡವು 8 ಮೆಗಾಪಾಸ್ಕಲ್‌ವರೆಗೆ, ಎಂದರೆ ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟಿಗೆ ಏರಬಲ್ಲುದು. ಮೋಟಾರು ಕಾರಿನ ಚಕ್ರದ ಗಾಳಿಗೆ ಹೋಲಿಸಿದರೆ ಇದು ಸುಮಾರು 40 ಪಟ್ಟು. ಈ ಬಲದಿಂದ ಗುಮ್ಮಟದ ಅಡಿಯಿಂದ ಹೊರಟ ಸೂಕ್ಷ್ಮವಾದ ಒಂದು ಮೊಳೆಯು ಎಲೆಯ ಹೊರಪದರವನ್ನು ಚುಚ್ಚಿ ಒಳನುಗ್ಗುತ್ತದೆ. ಬೆಂಕಿ ರೋಗಕ್ಕೆ ಬಳಸುವ ಟ್ರೈಸೈಕ್ಲಜೋಲ್ ಎಂಬ ಔಷಧವು ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಆ ಕಪ್ಪು ಲೇಪವೇ ಆಗದಂತೆ ನೋಡಿಕೊಳ್ಳುತ್ತದೆ. ಲೇಪವಿಲ್ಲದ ಗುಮ್ಮಟದಲ್ಲಿ ಒತ್ತಡವೇರುವುದಿಲ್ಲ; ಒತ್ತಡವಿಲ್ಲದೆ ಎಲೆಯೊಳಗೆ ಪ್ರವೇಶವಿಲ್ಲ.

ಒಳಹೊಕ್ಕ ಮೇಲೆ ಮೊದಲ ಕೆಲವು ದಿನ ಶಿಲೀಂಧ್ರವು ಎಲೆಯ ಕೋಶಗಳನ್ನು ಕೊಲ್ಲದೆ ಅವುಗಳ ಒಳಗೇ ಇದ್ದು ಉಣ್ಣುತ್ತದೆ. ಅನಂತರ ಅದರ ಸ್ವಭಾವ ಬದಲಾಗುತ್ತದೆ, ಕೋಶಗಳು ಸಾಯತೊಡಗುತ್ತವೆ, ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ, ಅಂಚಿನಲ್ಲಿ ಕಂದುಬಣ್ಣದ ವಜ್ರಾಕಾರದ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ರೈತರ ಕಣ್ಣಿಗೆ ರೋಗ ಬೀಳುವುದು ಆಗ. ಆದರೆ ಎಲೆಗೂ ಶಿಲೀಂಧ್ರಕ್ಕೂ ನಡುವಿನ ಹೋರಾಟದ ಫಲಿತಾಂಶ ಅದಕ್ಕೆ ಬಹಳ ಮೊದಲೇ, ಕಣ್ಣಿಗೆ ಏನೂ ಕಾಣದ ಆ ಮೊದಲ ದಿನಗಳಲ್ಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ.

ಪ್ರಾಣಿಗಳಿಗಿರುವಂತೆ ರಕ್ತವಾಗಲಿ, ರೋಗಾಣುಗಳನ್ನು ಬೆನ್ನಟ್ಟಿ ಹೋಗುವ ಬಿಳಿಯ ಕಣಗಳಾಗಲಿ, ಸುದ್ದಿ ಮುಟ್ಟಿಸುವ ನರಗಳಾಗಲಿ ಸಸ್ಯಕ್ಕೆ ಇಲ್ಲ. ಪ್ರತಿಯೊಂದು ಕೋಶವೂ ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು. ಅಪಾಯದ ವಾರ್ತೆಯನ್ನು ನೆರೆಯ ಕೋಶಕ್ಕೂ ದೂರದ ಎಲೆಗೂ ತಲುಪಿಸಬೇಕು. ಈ ದೌತ್ಯವನ್ನು ನಿರ್ವಹಿಸುವ ರಾಸಾಯನಿಕಗಳೇ ಸಸ್ಯ ಹಾರ್ಮೋನುಗಳು. ಕನ್ನಡದಲ್ಲಿ ಇವನ್ನು ‘ಚೋದಕ’ಗಳೆಂದು ಕರೆಯುವುದುಂಟು. ಹಾರ್ಮೋನ್ ಎಂಬ ಗ್ರೀಕ್ ಮೂಲದ ಮಾತಿಗೂ ಪ್ರೇರೇಪಿಸುವುದು ಎಂದೇ ಅರ್ಥ. ಗಾಯತ್ರೀ ಮಂತ್ರದ ಕೊನೆಯ ಪದದಲ್ಲಿ ಇರುವ ಧಾತುವೇ ‘ಚೋದಕ’ದಲ್ಲೂ ಇರುವುದರಿಂದ ಭಾಷಾಂತರದ ಕೆಲಸ ಮಾಡುವವರಿಗೆ ಈ ಪದ ವಿಶೇಷವಾಗಿ ಹಿಡಿಸುತ್ತದೆ; ಆದರೆ ಅಂಗಡಿಯಲ್ಲಿ ಯಾರೂ ಚೋದಕವನ್ನು ಕೇಳುವುದಿಲ್ಲವಾದ್ದರಿಂದ ಇಲ್ಲಿ ಎರಡು ಪದಗಳನ್ನೂ ಬಳಸಲಾಗಿದೆ. ಇವುಗಳ ಪ್ರಮಾಣ ಅತ್ಯಲ್ಪ. ಒಂದು ಗ್ರಾಂ ಹಸಿ ಎಲೆಯಲ್ಲಿ ಹಲವು ಚೋದಕಗಳನ್ನು ಗ್ರಾಮಿನ ನೂರು ಕೋಟಿಯ ಪಾಲುಗಳಲ್ಲಿ ಎಣಿಸಬೇಕಾಗುತ್ತದೆ.

ರೋಗದಿಂದಲೇ ದೊರೆತ ಹಾರ್ಮೋನು

ಸಸ್ಯದ ಒಂದು ಪ್ರಮುಖ ಚೋದಕವನ್ನು ಮನುಷ್ಯನು ಮೊದಲು ಕಂಡುಕೊಂಡದ್ದು ಸಸ್ಯದಲ್ಲಲ್ಲ, ಭತ್ತಕ್ಕೆ ರೋಗ ತರುವ ಒಂದು ಶಿಲೀಂಧ್ರದಲ್ಲಿ. ಜಪಾನಿನ ರೈತರು ಸಸಿಮಡಿಯಲ್ಲಿ ಕೆಲವು ಸಸಿಗಳು ಇತರ ಸಸಿಗಳನ್ನು ಮೀರಿ ತೆಳ್ಳಗೆ, ಬಿಳಿಚಿಕೊಂಡು ಎತ್ತರ ಬೆಳೆದು, ತೆನೆ ಕಟ್ಟದೆ ಸಾಯುವುದನ್ನು ಬಹುಕಾಲದಿಂದ ಗಮನಿಸಿದ್ದರು. ಅದಕ್ಕೆ ‘ಬಕಾನಾಯೆ’ ಎಂದು ಹೆಸರು. ‘ಪೆದ್ದು ಸಸಿ’ ಎಂದು ಅದರ ಅರ್ಥ. ಅಂದು ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಐಚಿ ಕುರೊಸಾವಾ ಎಂಬ ವಿಜ್ಞಾನಿ 1926ರಲ್ಲಿ ಈ ಶಿಲೀಂಧ್ರವನ್ನು ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವೇ ಇಲ್ಲದ ಆ ದ್ರವವೊಂದೇ ಸಸಿಗಳನ್ನು ಎತ್ತರಕ್ಕೆಳೆಯಬಲ್ಲುದೆಂದು ತೋರಿಸಿದನು. 1935ರಲ್ಲಿ ತೇಜಿರೊ ಯಾಬುಟಾ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟನು; 1938ರಲ್ಲಿ ಅದರ ಹರಳುಗಳು ಕೈಗೆ ಬಂದವು. ಅದೇ ವಸ್ತುವಿನ ಬಂಧುಗಳು ಆರೋಗ್ಯವಂತ ಸಸ್ಯದಲ್ಲೂ ಇದ್ದು ಅದರ ಬೆಳವಣಿಗೆಯನ್ನು ನಿಯಂತ್ರಿಸುತ್ತವೆಂಬುದು 1950ರ ದಶಕದಲ್ಲಿ ಖಚಿತವಾಯಿತು.

ಎಂದರೆ ಶಿಲೀಂಧ್ರವು ಸಸ್ಯದ ಭಾಷೆಯನ್ನೇ ಕಲಿತು, ಸಸ್ಯಕ್ಕೆ ಸುಳ್ಳು ಸುದ್ದಿ ಕಳುಹಿಸುತ್ತಿತ್ತು. ಹರಿಯಾಣ, ಪಂಜಾಬುಗಳ ಬಾಸ್ಮತಿ ಗದ್ದೆಗಳಲ್ಲಿ, ವಿಶೇಷವಾಗಿ 2003ರಲ್ಲಿ ಬಿಡುಗಡೆಯಾದ ಪೂಸಾ ಬಾಸ್ಮತಿ 1121 ತಳಿಯಲ್ಲಿ, ಈ ರೋಗ ಇಂದಿಗೂ ಕಾಡುತ್ತದೆ. ಇತರ ಪೈರಿನ ಮೇಲೆ ಧ್ವಜದಂತೆ ಎದ್ದು ಕಾಣುವುದರಿಂದ ಅಲ್ಲಿಯವರು ಇದನ್ನು ‘ಝಂಡಾ ರೋಗ’ವೆನ್ನುತ್ತಾರೆ. ಸಸಿ ಎತ್ತರವಾಗಿ ಬೆಳೆಯಿತೆಂದು ಹಿಗ್ಗುವ ಮೊದಲು ಈ ಪೆದ್ದು ಸಸಿಯನ್ನೊಮ್ಮೆ ನೆನೆಯುವುದು ಒಳ್ಳೆಯದು.

ಆಸ್ಪಿರಿನ್ ಗುಳಿಗೆ ಮತ್ತು ತಂಬಾಕಿನ ಎಲೆ

ಸಸ್ಯದ ರಕ್ಷಣೆಯಲ್ಲಿ ಹಾರ್ಮೋನಿನ ಪಾತ್ರ ಬೆಳಕಿಗೆ ಬಂದ ಕಥೆ ಇನ್ನೊಂದು. 1961ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಫ್ರಾಂಕ್ ರಾಸ್ ಎಂಬ ವಿಜ್ಞಾನಿ ತಂಬಾಕಿನ ಗಿಡದ ಕೆಳಗಿನ ಎಲೆಗಳಿಗೆ ಮೊಸಾಯಿಕ್ ವೈರಸನ್ನು ತಗುಲಿಸಿದನು. ಕೆಲವು ದಿನಗಳ ನಂತರ ಮೇಲಿನ, ಸೋಂಕಿಲ್ಲದ ಎಲೆಗಳಿಗೆ ಅದೇ ವೈರಸನ್ನು ತಗುಲಿಸಿದಾಗ ಅಲ್ಲಿ ಚುಕ್ಕೆಗಳು ಕಡಿಮೆಯಾಗಿದ್ದವು, ಚಿಕ್ಕವೂ ಆಗಿದ್ದವು. ಒಂದು ಎಲೆಯ ಅನುಭವ ಇಡೀ ಗಿಡಕ್ಕೆ ತಿಳಿದಿತ್ತು. 1979ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನ ಕೇಂದ್ರದಲ್ಲಿ ತಂಬಾಕಿನ ಎಲೆಗೆ ಆಸ್ಪಿರಿನ್ ದ್ರಾವಣವನ್ನು ಚುಚ್ಚಿದಾಗಲೂ ಇದೇ ಬಗೆಯ ಪರಿಣಾಮ ಕಂಡುಬಂದಿತು. ಜ್ವರಕ್ಕೆ ನುಂಗುವ ಗುಳಿಗೆ ಗಿಡಕ್ಕೇಕೆ ಹಿಡಿಯಬೇಕು? ಆಸ್ಪಿರಿನ್‌ನ ಮೂಲವಾದ ಸ್ಯಾಲಿಸಿಲಿಕ್ ಆಮ್ಲವು ಸಸ್ಯಗಳದೇ ಸ್ವಂತ ವಸ್ತು. ಅದರ ಹೆಸರು ಬಂದಿರುವುದು ವಿಲೋ ಮರದ ಲ್ಯಾಟಿನ್ ಹೆಸರಿನಿಂದ. ರೋಗ ತಗುಲಿದ ಗಿಡವು ತಾನೇ ಈ ಆಮ್ಲವನ್ನು ಹೆಚ್ಚಿಸಿಕೊಳ್ಳುವುದೆಂದು 1990ರಲ್ಲಿ ಎರಡು ತಂಡಗಳು, ಒಂದು ತಂಬಾಕಿನಲ್ಲಿ, ಇನ್ನೊಂದು ಸೌತೆಯಲ್ಲಿ ತೋರಿಸಿದವು. ಮೂರು ವರ್ಷಗಳ ಬಳಿಕ, ಸ್ಯಾಲಿಸಿಲಿಕ್ ಆಮ್ಲವನ್ನು ಒಡೆಯುವ ಒಂದು ಬ್ಯಾಕ್ಟೀರಿಯದ ಜೀನನ್ನು ತಂಬಾಕಿಗೆ ಸೇರಿಸಿದಾಗ ಗಿಡವು ಆ ಎಚ್ಚರವನ್ನು ಕಳೆದುಕೊಂಡಿತು. ಅಂತಹ ಗಿಡಗಳು ಎಲೆಚುಕ್ಕೆಯ ಶಿಲೀಂಧ್ರಕ್ಕೂ ಹೆಚ್ಚು ಸುಲಭವಾಗಿ ತುತ್ತಾದವು.

ಈ ಆಮ್ಲದ ಆಜ್ಞೆಯ ಮೇರೆಗೆ ಕೋಶಭಿತ್ತಿ ಗಟ್ಟಿಯಾಗುತ್ತದೆ, ಶಿಲೀಂಧ್ರದ ಮೈಯನ್ನು ಕರಗಿಸುವ ಕಿಣ್ವಗಳು ಸಿದ್ಧವಾಗುತ್ತವೆ, ಮತ್ತು ಸೋಂಕು ತಗುಲಿದ ಕೋಶವು ಹಲವು ವೇಳೆ ತನ್ನನ್ನೇ ಕೊಂದುಕೊಳ್ಳುತ್ತದೆ. ಸುಟ್ಟ ಮನೆಯಲ್ಲಿ ಕಳ್ಳನಿಗೆ ಏನು ದೊರಕೀತು? ಜೀವಂತ ಕೋಶವನ್ನೇ ಆಶ್ರಯಿಸಿದ ರೋಗಾಣುವು ಅಲ್ಲಿಯೇ ಉಪವಾಸ ಬೀಳುತ್ತದೆ.

ಇದಕ್ಕೆ ಪ್ರತಿಯಾಗಿ, ಮೊದಲು ಕೋಶವನ್ನು ವಿಷದಿಂದ ಕೊಂದು ಆಮೇಲೆ ಉಣ್ಣುವ ಶಿಲೀಂಧ್ರಗಳೂ ಇವೆ. ಅವಕ್ಕೆ ಕೋಶದ ಆತ್ಮಾಹುತಿ ಔತಣವೇ ಸರಿ. ಇಂತಹವುಗಳ ವಿರುದ್ಧ ಅನೇಕ ಸಸ್ಯಗಳಲ್ಲಿ ಬೇರೆ ಎರಡು ಚೋದಕಗಳು ಕೆಲಸಕ್ಕೆ ಬರುತ್ತವೆ. ಒಂದು ಜಾಸ್ಮೋನಿಕ್ ಆಮ್ಲ. 1962ರಲ್ಲಿ ಜಾಜಿ ಮಲ್ಲಿಗೆಯ ಸುಗಂಧ ತೈಲದಿಂದ ಇದರ ಒಂದು ರೂಪವನ್ನು ಬೇರ್ಪಡಿಸಿದ್ದರಿಂದ ಹೂವಿನ ಹೆಸರೇ ಇದಕ್ಕೆ ನಿಂತಿತು. ಇನ್ನೊಂದು ಎಥಿಲೀನ್ ಎಂಬ ಅನಿಲ. ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟ ಮಾವು ಬೇಗ ಹಣ್ಣಾಗುವುದು ಕಾಯಿಯೇ ಹೊರಬಿಟ್ಟ ಈ ಅನಿಲವು ಅಲ್ಲೇ ನಿಲ್ಲುವುದರಿಂದ.

ಭತ್ತವು ಪಠ್ಯಪುಸ್ತಕವನ್ನು ಓದಿಲ್ಲ

ಜೀವಂತ ಕೋಶವನ್ನು ಉಣ್ಣುವವರಿಗೆ ಸ್ಯಾಲಿಸಿಲಿಕ್ ಆಮ್ಲ, ಕೊಂದು ಉಣ್ಣುವವರಿಗೆ ಜಾಸ್ಮೋನಿಕ್ ಆಮ್ಲ ಮತ್ತು ಎಥಿಲೀನ್ ಎಂಬ ಈ ವಿಭಾಗ ಓದಲು ಚೆನ್ನಾಗಿದೆ. ಬಹುಮಟ್ಟಿಗೆ ತಂಬಾಕು ಮತ್ತು ಸಾಸಿವೆ ಜಾತಿಯ ಗಿಡಗಳ ಅಧ್ಯಯನದಿಂದ ಮೂಡಿದ ಈ ನಿಯಮವನ್ನು ಭತ್ತವು ಪೂರ್ತಿಯಾಗಿ ಪಾಲಿಸುವುದಿಲ್ಲ. ರೋಗವಿಲ್ಲದ ಭತ್ತದ ಎಲೆಯಲ್ಲಿಯೇ ಸ್ಯಾಲಿಸಿಲಿಕ್ ಆಮ್ಲವು ತಂಬಾಕಿನ ಎಲೆಗಿಂತ ಅನೇಕ ಪಟ್ಟು ಹೆಚ್ಚಾಗಿರುತ್ತದೆಂದು, ಬೆಂಕಿ ರೋಗ ತಗುಲಿದ ಮೇಲೂ ಅದು ವಿಶೇಷವಾಗಿ ಏರುವುದಿಲ್ಲವೆಂದು 1995ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹಾಗೆಂದು ಅದು ನಿರುಪಯುಕ್ತವಲ್ಲ. ಆ ಆಮ್ಲವನ್ನು ಒಡೆದುಹಾಕಿದ ಭತ್ತವು ಬೆಂಕಿ ರೋಗಕ್ಕೆ ಇನ್ನಷ್ಟು ಸುಲಭವಾಗಿ ಈಡಾಗುತ್ತದೆ.

ಜಪಾನಿನ ವಿಜ್ಞಾನಿಗಳು 2007ರಲ್ಲಿ ಈ ಮಾರ್ಗದ ಒಂದು ಮುಖ್ಯ ಕೊಂಡಿಯನ್ನು ಪತ್ತೆಮಾಡಿದರು. ವರ್ಕಿ–45 ಎಂಬ ಹೆಸರಿನ ಈ ಜೀನ್ ಹೆಚ್ಚಾಗಿ ಕೆಲಸ ಮಾಡುವಂತೆ ಮಾಡಿದ ಭತ್ತವು ಬೆಂಕಿ ರೋಗವನ್ನು ಬಲವಾಗಿ ತಡೆಯಿತು. ದುಂಡಾಣು ಅಂಗಮಾರಿಯನ್ನೂ ತಡೆಯಿತು. ಆದರೆ ಎಲೆಕವಚದ ಅಂಗಮಾರಿಯನ್ನು ತರುವ ಶಿಲೀಂಧ್ರದ ಮುಂದೆ ಅದರ ಬಲ ನಡೆಯಲಿಲ್ಲ. ಅಲ್ಲದೆ ಆ ಜೀನ್ ಅತಿಯಾಗಿ ಕೆಲಸ ಮಾಡಿದಾಗ ಪೈರಿನ ಬೆಳವಣಿಗೆ ಕುಂಠಿತವಾಗುವುದೂ ಕಂಡುಬಂದಿತು.

ಇಲ್ಲಿ ನಾಲ್ಕನೆಯ ಒಬ್ಬ ದೂತನನ್ನು ಪರಿಚಯಿಸಬೇಕು: ಆಬ್ಸಿಸಿಕ್ ಆಮ್ಲ. ಬರ, ಚಳಿ, ಉಪ್ಪುನೀರು ಇವುಗಳಿಂದ ಸಸ್ಯ ಬಳಲಿದಾಗ ಇದರ ಪ್ರಮಾಣ ಏರುತ್ತದೆ. ಎಲೆಯ ಪತ್ರರಂಧ್ರಗಳನ್ನು ಮುಚ್ಚಿಸಿ ನೀರನ್ನು ಉಳಿಸುವುದು ಇದರ ಹಿರಿಯ ಉಪಕಾರ. ಆದರೆ ಇದು ಏರಿದಾಗ ಭತ್ತದಲ್ಲಿ ಸ್ಯಾಲಿಸಿಲಿಕ್ ಆಮ್ಲದ ಮಾರ್ಗ ಇಳಿಯುತ್ತದೆ. ಪ್ರಯೋಗದಲ್ಲಿ ಆಬ್ಸಿಸಿಕ್ ಆಮ್ಲವನ್ನು ಕೊಟ್ಟ ಪೈರಿಗೆ ಬೆಂಕಿ ರೋಗ ಹೆಚ್ಚಾಗಿ ತಗುಲಿತು. ತಂಪು ಬೇಸಗೆಗಳಲ್ಲಿ ಜಪಾನಿನಲ್ಲಿ ಈ ರೋಗ ಉಲ್ಬಣಿಸುವುದಕ್ಕೆ ಇದೂ ಒಂದು ಕಾರಣವಿರಬೇಕು. 1993ರ ಅಸಾಧಾರಣ ತಂಪಿನಲ್ಲಿ ಅಲ್ಲಿಯ ಭತ್ತದ ಫಸಲು ವಾಡಿಕೆಯ ಮುಕ್ಕಾಲು ಪಾಲಿಗೆ ಇಳಿದು, ಅಕ್ಕಿಯ ವಿಷಯದಲ್ಲಿ ಬಲು ಸ್ವಾಭಿಮಾನಿಯಾದ ಆ ದೇಶ ಹೊರಗಿನಿಂದ ಅಕ್ಕಿ ತರಿಸಬೇಕಾಯಿತು. ಚಳಿಯಿಂದಲೇ ಕಾಳು ಜೊಳ್ಳಾದುದು ಅದಕ್ಕೆ ಮುಖ್ಯ ಕಾರಣ. ಬೆಂಕಿ ರೋಗವೂ ತನ್ನ ಪಾಲನ್ನು ಸೇರಿಸಿತು.

ಈಗ ಕಂದು ಎಲೆಚುಕ್ಕೆ ರೋಗವನ್ನು ನೋಡೋಣ. ಇದು ಬೇರೊಂದು ಶಿಲೀಂಧ್ರದಿಂದ ಬರುವ, ಕೋಶವನ್ನು ಕೊಂದು ಉಣ್ಣುವ ಜಾತಿಯ ರೋಗ. ಇದರ ಹೆಸರು ನಮ್ಮ ದೇಶದ ಒಂದು ದೊಡ್ಡ ದುರಂತದೊಂದಿಗೆ ಸೇರಿಕೊಂಡಿದೆ. 1942ರ ಮುಂಗಾರಿನ ಕೊನೆಯಲ್ಲಿ ಬಂಗಾಳದ ಭತ್ತಕ್ಕೆ ಈ ರೋಗ ವ್ಯಾಪಕವಾಗಿ ತಗುಲಿತು. ಕಟಕದ ಕೇಂದ್ರೀಯ ಭತ್ತ ಸಂಶೋಧನ ಸಂಸ್ಥೆಯಲ್ಲಿದ್ದ ಎಸ್. ವೈ. ಪದ್ಮನಾಭನ್ ಅವರು 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಚಿನ್ಸುರಾ ಮತ್ತು ಬಾಂಕುರಾ ಕೇಂದ್ರಗಳ 1941 ಹಾಗೂ 1942ರ ಇಳುವರಿಗಳನ್ನು ಹೋಲಿಸಿ, ಕೆಲವು ತಳಿಗಳಲ್ಲಿ ಬೆಳೆಯ ಬಹುಪಾಲು ನಷ್ಟವಾಗಿದ್ದುದನ್ನು ತೋರಿಸಿದರು. 1943ರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಸತ್ತವರ ಸಂಖ್ಯೆಯನ್ನು 30 ಲಕ್ಷದವರೆಗೂ ಅಂದಾಜು ಮಾಡಲಾಗಿದೆ. ಅದಕ್ಕೆ ಯುದ್ಧಕಾಲದ ಬೆಲೆಯೇರಿಕೆ ಹಾಗೂ ಆಡಳಿತದ ವೈಫಲ್ಯಗಳು ಎಷ್ಟು ಕಾರಣ, ಬೆಳೆನಾಶ ಎಷ್ಟು ಕಾರಣ ಎಂಬ ಬಗ್ಗೆ ಅಮರ್ತ್ಯ ಸೇನ್ ಮೊದಲಾದವರ ಬರೆಹಗಳಿಂದ ದೊಡ್ಡ ಚರ್ಚೆಯೇ ನಡೆದಿದೆ. ಒಂದು ಎಲೆಚುಕ್ಕೆಯ ಮೇಲೆ ಇಡೀ ಹೊಣೆಯನ್ನು ಹೊರಿಸುವುದು ನ್ಯಾಯವಲ್ಲ. ಕ್ಷಾಮದ ಹಿನ್ನೆಲೆಯಲ್ಲಿ 1946ರಲ್ಲಿ ಕಟಕದ ಆ ಸಂಸ್ಥೆ ಸ್ಥಾಪನೆಯಾಯಿತೆಂಬುದು ಮಾತ್ರ ನಿಜ.

ಈ ಕಂದು ಚುಕ್ಕೆಯ ಶಿಲೀಂಧ್ರವನ್ನು ಬೆಲ್ಜಿಯಂ ದೇಶದ ಘೆಂಟ್ ವಿಶ್ವವಿದ್ಯಾನಿಲಯದ ತಂಡವು ಅಭ್ಯಸಿಸಿದಾಗ ಎಲ್ಲವೂ ತಲೆಕೆಳಗಾಗಿ ಕಂಡಿತು. ಬೆಂಕಿ ರೋಗಕ್ಕೆ ಪೈರನ್ನು ಒಪ್ಪಿಸಿಬಿಡುವ ಆಬ್ಸಿಸಿಕ್ ಆಮ್ಲವೇ ಕಂದು ಚುಕ್ಕೆಯನ್ನು ತಡೆಯಿತು ಎಂದು 2010ರಲ್ಲಿ ಅವರು ವರದಿ ಮಾಡಿದರು. ಅದು ತಡೆದ ಬಗೆ ಎಥಿಲೀನ್‌ನ ಸಂದೇಶವನ್ನು ಅಡಗಿಸುವುದರ ಮೂಲಕ. ಎಥಿಲೀನ್ ಬೆಂಕಿ ರೋಗದ ವಿರುದ್ಧ ಭತ್ತದ ಮಿತ್ರ. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ 2004ರಲ್ಲಿ ನಡೆದ ಅಧ್ಯಯನದ ಪ್ರಕಾರ, ಗದ್ದೆಯಲ್ಲಿ ನೀರು ನಿಂತು ಬೇರಿಗೆ ಆಮ್ಲಜನಕ ಕಡಿಮೆಯಾದಾಗ ಪೈರಿನಲ್ಲಿ ಎಥಿಲೀನ್ ಹೆಚ್ಚುತ್ತದೆ. ನೀರು ನಿಲ್ಲಿಸಿದ ಗದ್ದೆಯಲ್ಲಿ ಬೆಂಕಿ ರೋಗ ಕಡಿಮೆಯಾಗುವುದರ ಒಂದು ಗುಟ್ಟು ಇದು. 2013ರಲ್ಲಿ, ರೋಗ ತಗುಲಿದಾಗ ಮಾತ್ರ ಎಥಿಲೀನನ್ನು ಹೆಚ್ಚಿಸಿಕೊಳ್ಳುವಂತೆ ಮಾರ್ಪಡಿಸಿದ ಭತ್ತವು ಬೆಂಕಿ ರೋಗವನ್ನೂ ಎಲೆಕವಚದ ಅಂಗಮಾರಿಯನ್ನೂ ಹೆಚ್ಚು ಸಮರ್ಥವಾಗಿ ಎದುರಿಸಿತು. ಇದೇ ಎಥಿಲೀನ್ ಕಂದು ಚುಕ್ಕೆಯ ಮುಂದೆ ಶತ್ರುವಿನ ಪಾಲಾಗುತ್ತದೆ. ಆ ಶಿಲೀಂಧ್ರವು ತಾನೇ ಎಥಿಲೀನನ್ನು ತಯಾರಿಸಿ, ಪೈರಿನ ಎಥಿಲೀನ್ ಮಾರ್ಗವನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ ಎಂದು ಘೆಂಟ್ ತಂಡವು 2015ರಲ್ಲಿ ತಿಳಿಸಿತು.

ಹೀಗೆ ಒಂದೇ ಎಲೆ, ಎರಡು ಶಿಲೀಂಧ್ರಗಳು; ಒಂದರ ಮದ್ದು ಇನ್ನೊಂದಕ್ಕೆ ಮೇವು. ಆದರೆ ಪ್ರಯೋಗಶಾಲೆಯ ಫಲಿತಾಂಶವನ್ನು ಯಥಾವತ್ತಾಗಿ ಗದ್ದೆಗೆ ಒಯ್ಯಲಾಗದು. ನೀರಿನ ಕೊರತೆಯುಳ್ಳ ಗದ್ದೆಯಲ್ಲಿ ಆಬ್ಸಿಸಿಕ್ ಆಮ್ಲ ಹೆಚ್ಚುವುದಾದ್ದರಿಂದ ಅಲ್ಲಿ ಕಂದು ಚುಕ್ಕೆ ಕಡಿಮೆಯಾಗಬೇಕೆಂದು ಯಾರಾದರೂ ತರ್ಕಿಸಬಹುದು. ವಾಸ್ತವವಾಗಿ ಈ ರೋಗ ನೀರು ಹಾಗೂ ಸತ್ವ ಎರಡೂ ಕಡಿಮೆಯಿರುವ ಬಡ ಭೂಮಿಯಲ್ಲಿಯೇ ಹೆಚ್ಚು. ಮಣ್ಣು ಒಣಗಿದಾಗ ಪೊಟ್ಯಾಷ್, ಸಿಲಿಕಾನ್ ಮುಂತಾದುವನ್ನು ಬೇರು ಹೀರುವುದು ಕುಂದುತ್ತದೆ. ಆ ನಷ್ಟವು ಹಾರ್ಮೋನಿನ ಲಾಭವನ್ನು ನುಂಗಿಹಾಕುತ್ತದೆ.

ಶತ್ರುವಿನ ಕೈಚಳಕಗಳಿಗೆ ಕೊನೆಯಿಲ್ಲ. ಬೆಂಕಿ ರೋಗದ ಶಿಲೀಂಧ್ರವು ಪೈರಿನ ಜಾಸ್ಮೋನಿಕ್ ಆಮ್ಲಕ್ಕೆ ಒಂದು ಸಣ್ಣ ರಾಸಾಯನಿಕ ತಿದ್ದುಪಡಿ ಮಾಡಿ ಅದನ್ನು ನಿಶ್ಶಕ್ತಗೊಳಿಸುವ ಕಿಣ್ವವನ್ನು ಹೊಂದಿದೆಯೆಂದು ಸಿಂಗಪುರದ ಟೆಮಾಸೆಕ್ ಪ್ರಯೋಗಶಾಲೆಯವರು 2015ರಲ್ಲಿ ಕಂಡುಹಿಡಿದರು. ಓಲೆಯನ್ನು ಹರಿದುಹಾಕುವುದಿಲ್ಲ; ಒಂದು ಅಕ್ಷರವನ್ನು ಮಾತ್ರ ತಿದ್ದುತ್ತದೆ.

ಬೆಳೆಯುವುದೋ, ಕಾದುಕೊಳ್ಳುವುದೋ

ಮತ್ತೆ ಜಿಬ್ಬರೆಲಿನ್‌ಗೆ ಬರೋಣ, ಏಕೆಂದರೆ ಅಂಗಡಿಯಲ್ಲಿ ಹೆಚ್ಚಾಗಿ ದೊರೆಯುವ ಹಾರ್ಮೋನು ಅದೇ. ಇದು ಬೆಳವಣಿಗೆಯ ಚೋದಕ. ಆದರೆ ಸಸ್ಯದ ಭಂಡಾರ ಒಂದೇ. ಅದನ್ನು ಬೆಳವಣಿಗೆಗೂ ರಕ್ಷಣೆಗೂ ಹಂಚಬೇಕು. ಜಾಸ್ಮೋನಿಕ್ ಆಮ್ಲವು ರಕ್ಷಣೆಗೆ ಕರೆ ಕೊಟ್ಟಾಗ ಜಿಬ್ಬರೆಲಿನ್‌ನ ಮಾರ್ಗಕ್ಕೆ ತಡೆಯೊಡ್ಡಿ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ ಎಂದು 2012ರಲ್ಲಿ ಭತ್ತದಲ್ಲೂ ತೋರಿಸಲಾಯಿತು. ಜಿಬ್ಬರೆಲಿನನ್ನು ಒಡೆಯುವ ಕಿಣ್ವವು ಕೆಟ್ಟುಹೋಗಿ ಆ ಹಾರ್ಮೋನು ಅತಿಯಾಗಿ ಸಂಗ್ರಹವಾಗುವ ಭತ್ತದ ಗಿಡಗಳು ಎತ್ತರವಾಗಿ ಬೆಳೆದರೂ ಬೆಂಕಿ ರೋಗವನ್ನು ತಡೆಯುವುದರಲ್ಲಿ ದುರ್ಬಲವಾಗಿದ್ದವೆಂದು ಚೀನಾದ ವಿಜ್ಞಾನಿಗಳು 2008ರಲ್ಲಿ ವರದಿ ಮಾಡಿದರು. ಆ ಕಿಣ್ವವನ್ನು ಹೆಚ್ಚಿಸಿದ ಗಿಡಗಳು ಗಿಡ್ಡವಾಗಿ, ರೋಗಕ್ಕೆ ಗಟ್ಟಿಯಾಗಿ ಇದ್ದವು. 1966ರಲ್ಲಿ ಬಿಡುಗಡೆಯಾದ ಐ.ಆರ್.8 ತಳಿಯ ಗಿಡ್ಡತನಕ್ಕೂ ಜಿಬ್ಬರೆಲಿನ್ ತಯಾರಿಕೆಯಲ್ಲಿನ ಒಂದು ಕೊರತೆಯೇ ಕಾರಣವೆಂಬುದು 2002ರಲ್ಲಿ ತಿಳಿದುಬಂದ ಸಂಗತಿ. ಹಾಗೆಂದು ಗಿಡ್ಡ ತಳಿಗಳಿಗೆಲ್ಲ ಬೆಂಕಿ ರೋಗ ಬರುವುದಿಲ್ಲವೆಂದು ಭಾವಿಸಬಾರದು; ರೋಗವನ್ನು ಗುರುತಿಸುವ ಜೀನುಗಳು ತಳಿಯಲ್ಲಿರಬೇಕು.

ಜಿಬ್ಬರೆಲಿನ್‌ಗೆ ಯುಕ್ತವಾದ ಸ್ಥಾನವಿಲ್ಲವೆಂದಲ್ಲ. ನಾಸಿಕ, ಸಾಂಗಲಿ, ವಿಜಯಪುರಗಳ ದ್ರಾಕ್ಷಿ ಬೆಳೆಗಾರರು ಕಾಳುಗಳು ಉದ್ದವಾಗಲೆಂದು, ಗೊಂಚಲು ಸಡಿಲವಾಗಲೆಂದು ಗೊತ್ತಾದ ಹಂತದಲ್ಲಿ, ಗೊತ್ತಾದ ಪ್ರಮಾಣದಲ್ಲಿ ಅದನ್ನು ಬಳಸುತ್ತಾರೆ. ಬಳಕೆಯ ಉದ್ದೇಶ ಅಲ್ಲಿ ಸ್ಪಷ್ಟವಾಗಿದೆ. ಎಲೆಯ ಮೇಲೆ ಚುಕ್ಕೆ ಕಂಡೊಡನೆ ‘ಪೈರು ಸೊರಗಿದೆ’ ಎಂದು ಭತ್ತಕ್ಕೆ ಬೆಳವಣಿಗೆಯ ಹಾರ್ಮೋನನ್ನು ಸಿಂಪಡಿಸುವುದು ಬೇರೆಯ ಮಾತು. ಅದರ ಜೊತೆಗೆ ಯೂರಿಯಾವನ್ನೂ ಎರಚಿದರೆ ಬೆಂಕಿ ರೋಗಕ್ಕೆ ಆಹ್ವಾನ ಕೊಟ್ಟಂತೆಯೇ. ಲೋಣಾವಳಾದಲ್ಲಿ ರೋಗವನ್ನು ಬರಿಸಲೆಂದೇ ಸಾರಜನಕವನ್ನು ಹೆಚ್ಚಿಸುವುದನ್ನು ಆರಂಭದಲ್ಲಿ ಹೇಳಲಾಗಿದೆ.

ಹಾರ್ಮೋನುಗಳ ಜ್ಞಾನವು ರೋಗ ನಿಯಂತ್ರಣಕ್ಕೆ ನಿಜವಾಗಿ ಉಪಯೋಗಕ್ಕೆ ಬಂದಿರುವುದು ಬೇರೊಂದು ದಾರಿಯಲ್ಲಿ. ಜಪಾನಿನಲ್ಲಿ 1970ರ ದಶಕದ ಮಧ್ಯಭಾಗದಿಂದ ಬೆಂಕಿ ರೋಗಕ್ಕೆ ಬಳಸುತ್ತಿರುವ ಪ್ರೊಬೆನಜೋಲ್ ಎಂಬ ವಸ್ತುವು ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದು ಅತ್ಯಲ್ಪ; ಅದು ಪೈರಿನ ಸ್ಯಾಲಿಸಿಲಿಕ್ ಆಮ್ಲದ ಮಾರ್ಗವನ್ನು ಎಚ್ಚರಗೊಳಿಸುತ್ತದೆ. ಯೂರೋಪಿನಲ್ಲಿ 1996ರಲ್ಲಿ ಗೋಧಿಯ ಬೂದಿ ರೋಗಕ್ಕಾಗಿ ಮಾರುಕಟ್ಟೆಗೆ ಬಂದ ಇನ್ನೊಂದು ವಸ್ತುವೂ ಇದೇ ಬಗೆಯದು. ಇವು ರೋಗ ಬರುವ ಮುನ್ನ ಕೊಡಬೇಕಾದವು. ಚುಕ್ಕೆ ಬಿದ್ದ ಮೇಲೆ ಚಿಕಿತ್ಸೆಯಾಗಲಾರವು. ಇನ್ನು ಸಿಲಿಕಾನ್ ವಿಷಯ ನಮಗೆ ಹತ್ತಿರದ್ದು. ಭತ್ತವು ಮಣ್ಣಿನಿಂದ ಸಿಲಿಕಾನನ್ನು ಯಥೇಚ್ಛವಾಗಿ ಹೀರಿ ಎಲೆಯ ಹೊರಪದರದಲ್ಲಿ ತುಂಬಿಕೊಳ್ಳುತ್ತದೆ. ಹುಲ್ಲು ಕೈಗೆ ಚುಚ್ಚುವುದು ಅದರಿಂದಲೇ. ಇದು ಬರಿಯ ಕವಚವೆಂದು ಬಹುಕಾಲ ನಂಬಲಾಗಿತ್ತು. ಮೇಲೆ ಹೇಳಿದ 2015ರ ಅಧ್ಯಯನದಲ್ಲಿ, ಸಿಲಿಕಾನ್ ಸಾಕಷ್ಟು ದೊರೆತ ಪೈರಿನಲ್ಲಿ ಕಂದು ಚುಕ್ಕೆಯ ಶಿಲೀಂಧ್ರಕ್ಕೆ ಎಥಿಲೀನ್ ಮಾರ್ಗವನ್ನು ವಶಪಡಿಸಿಕೊಳ್ಳಲು ಸಾಧ್ಯವಾಗಲಿಲ್ಲವೆಂದು ಕಂಡುಬಂದಿತು. ಸಿಲಿಕಾನ್‌ಗಾಗಿ ಹಣ ಕೊಡಬೇಕಾಗಿಲ್ಲ. ಹುಲ್ಲು ಮತ್ತು ಉಮಿಯಲ್ಲಿ ಅದು ಹೇರಳವಾಗಿದೆ. ಹುಲ್ಲನ್ನು ಸುಟ್ಟು ಹಾಕದೆ ಗೊಬ್ಬರ ಮಾಡಿ, ಇಲ್ಲವೇ ಉಮಿಯ ಬೂದಿಯನ್ನು ಸಸಿಮಡಿಗೆ ಸೇರಿಸಿ ಗದ್ದೆಯದನ್ನು ಗದ್ದೆಗೇ ಹಿಂದಿರುಗಿಸಬಹುದು.

ಬಾಟಲಿ ಕೊಳ್ಳುವವರು ಅದರ ಮೇಲಿನ ಚೀಟಿಯನ್ನು ಓದುವುದು ಅಗತ್ಯ. ಜಿಬ್ಬರೆಲಿಕ್ ಆಮ್ಲದಂತಹ ಬೆಳವಣಿಗೆ ನಿಯಂತ್ರಕಗಳು 1968ರ ಕೀಟನಾಶಕ ಅಧಿನಿಯಮದ ಅಡಿಯಲ್ಲಿ ನೋಂದಣಿಯಾಗಿರಬೇಕು. ಯಾವ ಬೆಳೆಗೆ, ಎಷ್ಟು ಪ್ರಮಾಣದಲ್ಲಿ ಎಂಬುದು ಚೀಟಿಯಲ್ಲಿರಬೇಕು. ‘ಜೈವಿಕ ಉತ್ತೇಜಕ’ಗಳೆಂದು ಮಾರಲಾಗುವ ವಸ್ತುಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಯಿತು. ರೋಗವನ್ನು ವಾಸಿಮಾಡುವುದೆಂದು ಹೇಳಿಕೊಳ್ಳಲು ಇಂತಹ ಉತ್ತೇಜಕಗಳಿಗೆ ಅವಕಾಶವಿಲ್ಲ. ಬಿಲ್ಲನ್ನು ಕೇಳಿ ಪಡೆದು ಇಟ್ಟುಕೊಳ್ಳತಕ್ಕದ್ದು.

ಊರಿನಿಂದ ದೂರವಾಣಿ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಚುಕ್ಕೆಯ ಆಕಾರ ಹೇಗಿದೆ ಎಂಬುದು. ಎರಡೂ ತುದಿ ಚೂಪಾಗಿ ನಡುವೆ ಬೂದಿ ಬಣ್ಣವಿದ್ದರೆ ಬೆಂಕಿ ರೋಗದ ಸಂದೇಹ. ಅಂತಹ ಗದ್ದೆಗೆ ಯೂರಿಯಾ ಕೊಡುವುದನ್ನು ತತ್ಕಾಲಕ್ಕೆ ನಿಲ್ಲಿಸಿ, ನೀರು ಒಣಗದಂತೆ ನೋಡಿಕೊಳ್ಳಬೇಕು. ತೆನೆ ಹೊರಡುವ ಮುನ್ನ ಶಿಫಾರಸಾದ ಶಿಲೀಂಧ್ರನಾಶಕವನ್ನು ಬಳಸುವ ಬಗ್ಗೆ ತಜ್ಞರನ್ನು ಕೇಳಬೇಕು, ಏಕೆಂದರೆ ತೆನೆಯ ಕುತ್ತಿಗೆಗೆ ರೋಗ ತಗುಲಿದರೆ ಕಾಳೆಲ್ಲ ಜೊಳ್ಳಾಗುತ್ತದೆ. ಚುಕ್ಕೆಗಳು ಎಳ್ಳಿನ ಕಾಳಿನಂತೆ ಚಿಕ್ಕವಾಗಿ, ಅಂಡಾಕಾರವಾಗಿ, ಕಂದಾಗಿ ಎಲೆಯ ತುಂಬ ಹರಡಿದ್ದರೆ ಕಂದು ಚುಕ್ಕೆ ರೋಗವಿರಬಹುದು. ಆಗ ಮಣ್ಣು ಪರೀಕ್ಷೆ ಮಾಡಿಸಿ ಪೊಟ್ಯಾಷ್ ಕೊರತೆಯನ್ನು ನೀಗಿಸುವುದು ಮೊದಲ ಕೆಲಸ. ಎರಡು ರೋಗಗಳೂ ಒಂದೇ ಗದ್ದೆಯಲ್ಲಿರುವುದೂ ಉಂಟು. ಆದುದರಿಂದ ರೋಗ ತಗುಲಿದ ನಾಲ್ಕಾರು ಎಲೆಗಳನ್ನು ಕಾಗದದ ನಡುವೆ ಇಟ್ಟು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಒಯ್ದು ತೋರಿಸುವುದು ಲೇಸು. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ. ಈ ಕರೆಗೆ ಶುಲ್ಕವಿಲ್ಲ.